ನಿನ್ನ ಹೆಸರಿನಲ್ಲಿ ಹೇಳಿದ ಮಾತು

ಶೈಲಾ, ಮಾರುತಿ ನಿನ್ನನ್ನು ಬೇಡವೆನ್ನಲಿಲ್ಲ. ನಾನು ಸುಳ್ಳು ಹೇಳಿದೆ. ನಿನಗೊಂದು ಸುಳ್ಳು, ಅವನಿಗೊಂದು ಸುಳ್ಳು — ಎರಡನ್ನೂ ಒಂದೇ ದಿನ ಹೇಳಿದವಳು ನಿನ್ನ ಅಕ್ಕ.

ರಾಣೆಬೆನ್ನೂರಿನ ಕಾಲೇಜಿನಲ್ಲಿ ನಾನೂ ಮಾರುತಿಯೂ ಇತಿಹಾಸ ಕಲಿಸುತ್ತಿದ್ದುದು ನಿನಗೆ ಗೊತ್ತು. ನಾನು ಕಾಯಂ, ಅವನು ಅತಿಥಿ ಉಪನ್ಯಾಸಕ. ಅದೇ ಪಾಠ, ಅದೇ ಮಕ್ಕಳು, ಅದೇ ಪರೀಕ್ಷೆಯ ಕೆಲಸ. ಪಗಾರ ಮಾತ್ರ ನನ್ನದರ ಕಾಲುಭಾಗವೂ ಅವನಿಗಿರಲಿಲ್ಲ. ಅದೂ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು, ರಜೆಯಲ್ಲಿ ಬರುತ್ತಲೇ ಇರಲಿಲ್ಲ. ನನಗೆ ಬೇಸರವೆನಿಸಿದ ದಿನ ನನ್ನ ತರಗತಿಯನ್ನೂ ಅವನಿಗೇ ಒಪ್ಪಿಸುತ್ತಿದ್ದೆ. ಅವನು ಇಲ್ಲವೆನ್ನುವ ಹಾಗಿರಲಿಲ್ಲ — ಮುಂದಿನ ವರ್ಷ ಮತ್ತೆ ಕರೆಯಬೇಕಲ್ಲ.

ನೀವು ಒಬ್ಬರನ್ನೊಬ್ಬರು ಮೆಚ್ಚಿಕೊಂಡದ್ದು ನನಗೆ ತಿಳಿದಿತ್ತು. ಅಪ್ಪನಿಲ್ಲದ ಮನೆಯಲ್ಲಿ ನಾನೇ ಹಿರಿಯಳೆಂದು ಅವನು ಮೊದಲು ನನ್ನ ಬಳಿ ಬಂದ. ಸ್ಟಾಫ್‌ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಕುಳಿತುಕೋ ಎಂದರೂ ಕೂರಲಿಲ್ಲ.

"ಮೇಡಮ್, ಕುಪ್ಪೇಲೂರಿಂದ ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರಬೇಕಂತ ಮಾಡೇನ್ರಿ. ಶೈಲಾನ್ನ ಕೇಳಾಕ."

ನನ್ನ ಬಾಯಿಂದ ಬಂದದ್ದು —

"ಆಕೀನ ಬ್ಯಾಡ ಅಂದಾಳ, ಮಾರುತಿ. ಇಷ್ಟ ಪಗಾರದಾಗ ಹೆಂಗ ಬಾಳ್ವೆ ಮಾಡೂದು ಅಂತ ಕೇಳಿದ್ಲು."

ಅವನು "ಖರೇ ಐತಿ ಬಿಡ್ರಿ" ಎಂದ. ಗಂಟೆ ಹೊಡೆಯಿತು, ಪಾಠಕ್ಕೆ ಹೋದ. ಅದು ನನ್ನ ತರಗತಿ.

ಸಂಜೆ ನಿನಗೆ ಹೇಳಿದೆ — ಅವರವ್ವ ಬೇರೆ ಕಡೆ ಹೆಣ್ಣು ನೋಡಿದ್ದಾಳಂತೆ, ಅವನೂ ಒಪ್ಪಿದ್ದಾನಂತೆ. ನೀನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. "ಆತು ಬಿಡಕ್ಕಾ" ಎಂದೆ, ಅಷ್ಟೇ. ಇಬ್ಬರಿಗೂ ನನ್ನ ಮೇಲೆ ನಂಬಿಕೆ. ಒಬ್ಬರನ್ನೊಬ್ಬರು ಕೇಳಲೇ ಇಲ್ಲ. ಮುಂದೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಗೆ ನಿನ್ನನ್ನು ಕೊಟ್ಟೆವು.

ನಿನ್ನ ಒಳ್ಳೆಯದಕ್ಕೇ ಮಾಡಿದೆನೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ನಾನು ಕೆಲಸ ಹೇಳಿ ಓಡಾಡಿಸುತ್ತಿದ್ದವನು ನಮ್ಮ ಮನೆಯ ಅಳಿಯನಾಗಿ ನನ್ನ ಪಕ್ಕದಲ್ಲಿ ಊಟಕ್ಕೆ ಕೂರುವುದು — ಅದನ್ನು ನನಗೆ ಸಹಿಸಲಾಗಲಿಲ್ಲ. ಅವನಿಗೆ ಸಿಗುತ್ತಿದ್ದ ಕಡಿಮೆ ಪಗಾರವನ್ನೇ ಅವನ ಯೋಗ್ಯತೆ ಎಂದುಕೊಂಡೆ. ಅವನ ದುಡಿಮೆಯಲ್ಲಿ ನನ್ನ ಪಾಲಿನದೂ ಇತ್ತೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಈ ವರ್ಷ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಕೂದಲು ನರೆತರೂ ಅವನು ಅತಿಥಿಯಾಗಿಯೇ ಉಳಿದಿದ್ದ. ತನ್ನ ಪುಸ್ತಕಗಳನ್ನು ಒಯ್ಯಲು ಬಂದಾಗ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲೆಂದು ಕಾದೆ. ಅವನು ಕುರ್ಚಿ ಎಳೆದುಕೊಂಡು ಕುಳಿತ.

"ಪಗಾರ ನೋಡಿ ಬಿಟ್ಟಾಕಿ ಅಂತ ಇಷ್ಟು ವರ್ಷ ಆಕೀನ್ನ ಮನಸಿನ್ಯಾಗ ಬೈಕೋತ ಬಂದೇನ್ರಿ, ಮೇಡಮ್," ಎಂದ. ಆಮೇಲೆ ಮೆಲ್ಲಗೆ, "ಆಕಿಗೆ ಹೇಳ್ರಿ — ನಂದು ತಪ್ಪಾತಂತ."

ತಪ್ಪು ಅವನದಲ್ಲ, ಶೈಲಾ. ಆದರೆ ಅವನ ಮಾತನ್ನು ನಿನಗೆ ಮುಟ್ಟಿಸುತ್ತಿದ್ದೇನೆ — ಈ ಸಲ ಒಂದಕ್ಷರವನ್ನೂ ಬದಲಿಸದೆ.