ಬಂಟ್ವಾಳ ಸುತ್ತಿ ವಸಂತನ ಮನೆಗೆ

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ವೇಣೂರಿನ ಮೇಲೆ ನೇರವಾಗಿ ಹೋಗಬಹುದು. ಕಳೆದ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನಾನು ಹತ್ತಿದ್ದು ಸಿದ್ಧಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ ಹೋಗುವ ಬಸ್ಸನ್ನು.

“ಎಲ್ಲಿಗೆ ಅಜ್ಜ?” ಎಂದು ಕಂಡಕ್ಟರ್ ಕೇಳಿದ.

“ಬಿ.ಸಿ.ರೋಡ್. ಅಲ್ಲಿಂದ ಬೆಳ್ತಂಗಡಿಗೆ.”

“ವೇಣೂರು ಬಸ್ಸು ಅಲ್ಲಿ ಖಾಲಿ ನಿಂತಿದೆ ಮಾರಾಯ್ರೆ! ಬಸ್ಸಿನಲ್ಲಿ ಕೂರುವ ಹರಕೆ ಏನಾದ್ರೂ ಉಂಟಾ?”

ಕಾಲೇಜಿನ ಮಕ್ಕಳು ನಕ್ಕರು. ನಾನೂ ನಕ್ಕು ಟಿಕೆಟಿಗೆ ಐವತ್ತು ರೂಪಾಯಿ ಕೊಟ್ಟೆ. ನಾನು ಹೋಗಿ ಸತ್ಯ ಹೇಳಬೇಕಾದವರು ಇಬ್ಬರಿದ್ದರು. ಒಬ್ಬರು ಬಂಟ್ವಾಳದ ಬಿ.ಸಿ.ರೋಡಿನಲ್ಲಿ, ಇನ್ನೊಬ್ಬ ಬೆಳ್ತಂಗಡಿಯಲ್ಲಿ. ಸುಲಭದವರನ್ನು ಮೊದಲು ಕಾಣುವ ಎಂದು ಈ ಸುತ್ತುದಾರಿ.

ಮೂವತ್ತು ವರ್ಷ ನಾನು ಬಿ.ಸಿ.ರೋಡಿನಲ್ಲಿ ಲಾರಿ ಗ್ಯಾರೇಜ್ ನಡೆಸಿದವನು. ನಮ್ಮ ಕಡೆಯ ಮೇಸ್ತ್ರಿಗಳಲ್ಲಿ ಒಂದು ಅಭ್ಯಾಸವಿತ್ತು. ಇಲ್ಲಿಯ ಸೆಕೆಗೆ ಬೇಡ ಎಂದು ಇಂಜಿನ್ನಿನ ಥರ್ಮೋಸ್ಟಾಟ್ ವಾಲ್ವನ್ನು ತೆಗೆದು ಬಿಸಾಡುವುದು. ಹಳೆಯ ಲಾರಿಗಳಲ್ಲಿ ಅದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಹೊಸ ಕಾಲದ ಬಲವಾದ ಇಂಜಿನ್‌ಗಳಲ್ಲಿ ಆ ವಾಲ್ವಿಗೆ ಎರಡು ಕೆಲಸ. ಬಿಸಿಯಾದ ನೀರಿಗೆ ರೇಡಿಯೇಟರಿನ ದಾರಿ ತೆರೆಯುವುದು, ಇಂಜಿನ್ನೊಳಗೇ ಸುತ್ತುವ ಅಡ್ಡದಾರಿಯನ್ನು ಮುಚ್ಚುವುದು. ವಾಲ್ವ್ ಇಲ್ಲದಿದ್ದರೆ ನೀರು ತಣಿಯದೆ ಒಳಗೊಳಗೇ ಸುತ್ತುತ್ತದೆ. ಬಯಲಿನಲ್ಲಿ ಗೊತ್ತಾಗುವುದಿಲ್ಲ, ಲೋಡ್ ಹೊತ್ತು ಘಾಟಿ ಹತ್ತುವಾಗ ಗೊತ್ತಾಗುತ್ತದೆ. ಬಿಡಿಭಾಗದ ಅಂಗಡಿಯವರು ಎಚ್ಚರಿಸಿದ್ದರು. ನನಗೆ ಕಲಿಸುವವರು ಇವರು ಯಾರು ಎಂದುಕೊಂಡೆ.

ಹನ್ನೊಂದು ವರ್ಷದ ಹಿಂದೆ ಹಸನಬ್ಬ ಸಾಹುಕಾರರ ಹೊಸ ಹನ್ನೆರಡು ಚಕ್ರದ ಲಾರಿ ಶಿರಾಡಿ ಘಾಟಿಯಲ್ಲಿ ಇಂಜಿನ್ ಸೀಜ್ ಆಗಿ, ತಿರುಗದೆ ನಿಂತಿತು. ಎಳೆದು ತಂದಾಗ ನೀರೆಲ್ಲ ಕುದಿದು ಹೋಗಿ ರೇಡಿಯೇಟರಿನ ಟ್ಯಾಂಕ್ ಒಣಗಿತ್ತು. ಇಂಜಿನ್ ಬಿಚ್ಚಿದೆ. ಆಯಿಲ್ ಪಂಪು ಸರಿಯಿತ್ತು, ಪಿಸ್ಟನ್‌ಗಳು ಕಚ್ಚಿಕೊಂಡಿದ್ದವು, ಹೆಡ್ ಬಾಗಿತ್ತು. ಕೊನೆಗೆ ಕೈ ವಾಲ್ವ್ ಇರಬೇಕಾದ ಖಾಲಿ ಜಾಗಕ್ಕೆ ಹೋಯಿತು. ಸರ್ವಿಸಿಗೆ ಬಂದಾಗ ಅದನ್ನು ತೆಗೆದವನು ನಾನೇ. ಕಾರಣ ನನಗೆ ಆಗಲೇ ತಿಳಿಯಿತು. ಹೊರಗೆ ಬಂದು ಸಾಹುಕಾರರಿಗೆ, “ಡ್ರೈವರ್ ನೀರು ನೋಡದೆ ಓಡಿಸಿದ್ದಾನೆ” ಎಂದೆ. ಇಂಜಿನ್ ಮತ್ತೆ ಜೋಡಿಸುವಾಗ ಯಾರಿಗೂ ಹೇಳದೆ ಹೊಸ ವಾಲ್ವ್ ಹಾಕಿದೆ. ಡ್ರೈವರ್ ವಸಂತನ ಕೆಲಸ ಹೋಯಿತು. ನೀರು ನೋಡದ ಡ್ರೈವರ್ ಎಂಬ ಹೆಸರು ಕೇಳಿ ಬೇರೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ.

ಹೋದ ತಿಂಗಳು ಒಂದು ಮದುವೆಯ ಪಂಕ್ತಿಯಲ್ಲಿ, ವಸಂತ ಈಗ ಸ್ಕೂಟರನ್ನೂ ಮುಟ್ಟುವುದಿಲ್ಲವೆಂದು ಯಾರೋ ಹೇಳಿದರು. ಅವನ ಮನೆ ಈಗ ಎಲ್ಲಿ ಎಂದು ಪಂಕ್ತಿಯಲ್ಲೇ ಕೇಳಿಕೊಂಡೆ.

ಬಿ.ಸಿ.ರೋಡಿನಲ್ಲಿ ಇಳಿದಾಗ ಹತ್ತು ಗಂಟೆ, ಬಿಸಿಲು ಮತ್ತು ಧೂಳು. ಹೋಟೆಲಿನಲ್ಲಿ ಬನ್ಸ್ ತರಿಸಿ ಅರ್ಧ ಬಿಟ್ಟೆದ್ದೆ. ಹಸನಬ್ಬರು ಈಗ ಸಿಮೆಂಟಿನ ಅಂಗಡಿಯಲ್ಲಿ ಕೂರುತ್ತಾರೆ.

“ಸಂಜೀವ ಮೇಸ್ತ್ರಿಯಾ! ಇನ್ನೂ ಇದ್ದೀರಾ ಮಾರಾಯ್ರೆ?” ಎಂದು ಕೈ ಹಿಡಿದರು. ನಾನು ಹೇಳಿ ಮುಗಿಸುವಾಗ ಕೈ ಬಿಟ್ಟಿದ್ದರು.

“ಅವನು ನನ್ನೆದುರು ಅತ್ತಿದ್ದ. ‘ಘಾಟಿ ಹತ್ತುವ ಮೊದಲು ಗುಂಡ್ಯದಲ್ಲಿ ನೀರು ನೋಡಿದ್ದೇನೆ ಸಾಹುಕಾರ್ರೆ’ ಅಂತ. ‘ಅಷ್ಟು ಹಳೇ ಮೇಸ್ತ್ರಿ ಸುಳ್ಳು ಹೇಳ್ತಾರಾ?’ ಅಂತ ಬೈದು ಕಳಿಸಿದೆ ನಾನು.”

ಇರಲಿ, ಹಳೆಯ ಕಥೆ ಎಂದು ಅವರು ಹೇಳಬಹುದೆಂಬ ಆಸೆ ನನಗಿತ್ತು. ಅವರು ಗಡಿಯಾರ ನೋಡಿದರು. “ಹನ್ನೊಂದಕ್ಕೆ ಬೆಳ್ತಂಗಡಿ ಬಸ್ಸು ಉಂಟು. ಹೋಗಿ. ಅವನ ಹತ್ತಿರ ನಾನೂ ಮಾತಾಡ್ಲಿಕ್ಕುಂಟು. ಮೊದಲು ನೀವು.”

ನಿಲ್ದಾಣಕ್ಕೆ ಮೊದಲು ಬಂದದ್ದು ಮೂಡುಬಿದಿರೆಯ ಬಸ್ಸು. ಅದರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ. ಇದನ್ನೂ ಬರೆಯಬೇಕು.

ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ ತಲುಪಿದಾಗ ಹನ್ನೆರಡೂಕಾಲು. ಪೇಟೆಯಿಂದ ರಿಕ್ಷಾದಲ್ಲಿ ಮೂರು ಕಿಲೋಮೀಟರ್. ವಸಂತ ಅಂಗಳದ ಹಗ್ಗದ ಮೇಲೆ ರಬ್ಬರ್ ಶೀಟ್ ಹರವುತ್ತಿದ್ದ. ಬೇರೆಯವರ ತೋಟದಲ್ಲಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡುತ್ತಾನಂತೆ. “ಬನ್ನಿ ಮೇಸ್ತ್ರಿಗಳೇ” ಎಂದ. ಅವನ ಹೆಂಡತಿ ಸುಮತಿ ನೀರು ಬೆಲ್ಲ ತಂದಿಟ್ಟಳು. ನಾನು ಮುಟ್ಟಲಿಲ್ಲ. ಅವಳು ಒಳಗೆ ಹೋದ ಮೇಲೆ ವಿಷಯ ಹೇಳಿದೆ.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕುಳಿತುಬಿಟ್ಟ.

“ಹಾಗಾದ್ರೆ ನಾನು ನೀರು ನೋಡಿದ್ದೆನಾ?”

“ನೋಡಿದ್ದೆ ಅಂತ ನೀನೇ ಹೇಳಿದ್ದಿಯಲ್ಲ ವಸಂತ.”

“ಮೊದಮೊದಲು ಹೇಳ್ತಿದ್ದೆ. ಎಲ್ಲರೂ ಇಲ್ಲ ಅಂದ್ರು. ಹಿಂದಿನ ಟ್ರಿಪ್ಪಿನಲ್ಲಿ ನೋಡಿದ್ದನ್ನು ಅವತ್ತಿನದು ಅಂತ ಗ್ರಹಿಸಿದ್ದೇನಾ ಅಂತ ನನಗೇ ಸಂಶಯ ಬಂತು. ನೀವು ಸುಳ್ಳು ಹೇಳುವ ಜನ ಅಲ್ಲವಲ್ಲ! ತನ್ನ ಕಣ್ಣನ್ನೇ ನಂಬದವನು ಗಾಡಿ ಬಿಡುವುದು ಹೇಗೆ?”

ನಾನು ಕಿತ್ತುಕೊಂಡದ್ದು ಅವನ ಕೆಲಸ ಮಾತ್ರ ಎಂದು ಇಷ್ಟು ವರ್ಷ ತಿಳಿದಿದ್ದೆ.

ಅವನು ಒಳಗೆ ಕೂಗಿದ. “ಸುಮತೀ, ಇಲ್ಲಿ ಬಾ. ಮೇಸ್ತ್ರಿಗಳು ಒಂದು ವಿಷಯ ಹೇಳ್ತಾರೆ. ಹೇಳಿ, ಇವಳಿಗೂ ಹೇಳಿ.”

ಮೊದಲ ಸಲ ‘ಒಂದು ತಪ್ಪಾಯಿತು’ ಎಂದು ಶುರು ಮಾಡಿದ್ದೆ. ಅವಳೆದುರು ಅದು ನಡೆಯಲಿಲ್ಲ. “ನಾನು ಇಂಜಿನ್ ಹಾಳು ಮಾಡಿ ಇವನ ಮೇಲೆ ಹಾಕಿದೆ” ಎಂದೆ. ಅವಳು ನನ್ನನ್ನು ನೋಡದೆ ಗಂಡನನ್ನೇ ನೋಡುತ್ತಿದ್ದಳು. “ನೀರು ನೋಡದೆ ಮೊಬೈಲ್ ಒತ್ತುತ್ತಾ ಕೂತಿದ್ದಿರಬೇಕು ಅಂತ ನಾನೂ ಎಷ್ಟು ಸಲ ಚುಚ್ಚಿದ್ದೇನೆ ಇವರಿಗೆ” ಎಂದಳು.

ಕೈ ಮುಗಿದು ಕ್ಷಮೆ ಕೇಳಿದೆ. “ಅದು ನನಗೆ ಇವತ್ತು ಬರುವುದಿಲ್ಲ ಮೇಸ್ತ್ರಿಗಳೇ. ರಿಕ್ಷಾ ಕಾಯ್ತಾ ಉಂಟು, ಹೋಗಿ” ಎಂದ ವಸಂತ.

ರಿಕ್ಷಾ ತಿರುಗುವಾಗ ಹಿಂದೆ ನೋಡಿದೆ. ಜಗಲಿಯಲ್ಲಿ ಸುಮತಿ ಏನೋ ಕೇಳುತ್ತಿದ್ದಳು. ವಸಂತ ಎದ್ದು ನಿಂತು, ಗಾಳಿಯಲ್ಲಿ ಟ್ಯಾಂಕಿನ ಮುಚ್ಚಳ ತಿರುಗಿಸಿ, ಬಗ್ಗಿ ಒಳಗೆ ನೋಡಿ, ನೀರು ಎಲ್ಲಿಯವರೆಗೆ ಇತ್ತೆಂದು ಬೆರಳಿನಿಂದ ಅವಳಿಗೆ ತೋರಿಸುತ್ತಿದ್ದ.