ತಿಕ್ಕಬಾರದಿದ್ದ ತಾಮ್ರ

ಹುಣಸೆಹುಳಿಯ ವಾಸನೆಗೆ ಎದೆ ಡವಡವ ಎನ್ನುವವರು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಇವತ್ತು ಬೆಳಿಗ್ಗೆ ತಾಮ್ರದ ತಂಬಿಗೆಗೆ ಹುಳಿ ಹಚ್ಚಿ ತಿಕ್ಕುತ್ತಿದ್ದೆ. ತಂಬಿಗೆ ಹೊಳೆಯತೊಡಗಿದ್ದೇ ತಡ, ಕೈ ನಿಂತುಹೋಯಿತು. ಹನ್ನೊಂದು ವರ್ಷಗಳಿಂದ ಹೀಗೆಯೇ. ಮನೆಯವರು ಇದನ್ನು ಸೋಮಾರಿತನ ಎಂದುಕೊಂಡಿದ್ದಾರೆ. ಅದೂ ಸ್ವಲ್ಪ ಇಲ್ಲದಿಲ್ಲ.

ಕಾರಣ ಹೇಳಬೇಕಾದರೆ ನಿಮ್ಮನ್ನು ನಾನು ಸಂಶೋಧನೆ ಮಾಡುತ್ತಿದ್ದ ಲ್ಯಾಬಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಮದುವೆಮನೆಯ ಇಡ್ಲಿ ಪಾತ್ರೆಯಷ್ಟು ದೊಡ್ಡದೊಂದು ಸ್ಟೀಲಿನ ಚೇಂಬರ್ ಇತ್ತು. ಪಂಪು ಹಾಕಿ ಅದರೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯಬೇಕು, ಆಮೇಲೆ ಮುನ್ನೂರು ಡಿಗ್ರಿಯವರೆಗೆ ಕಾಯಿಸಬೇಕು. ಕೊಳವೆಗಳು ಸೇರುವಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಹೊರಗಿನ ಗಾಳಿ ನುಗ್ಗಿ ಕೆಲಸವೆಲ್ಲ ಕೆಡುತ್ತದೆ. ಹೀಟರಿನ ಪಕ್ಕದ ಜೋಡಣೆಗೆ ಯಾವ ಸೀಲು ಹಾಕುವುದೆಂದು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂತು.

ಸೀರೆ ಅಂಗಡಿಯಲ್ಲಿ ಎರಡು ಸೀರೆ ಮುಂದಿಟ್ಟರೆ ಮೂರನೆಯದನ್ನು ಕೇಳುವವಳು ನಾನು. ಇಲ್ಲಿ ಇದ್ದದ್ದು ಎರಡೇ. ರಬ್ಬರಿನ ರಿಂಗನ್ನು ಬಿಚ್ಚಿ ಮತ್ತೆ ಹಾಕಬಹುದು, ಆದರೆ ಬಿಸಿ ಇನ್ನೂರು ದಾಟಿದರೆ ಅದನ್ನು ನಂಬುವಂತಿಲ್ಲ. ಬಳೆಯಾಕಾರದ ತಾಮ್ರದ ಸೀಲು ಆ ಬಿಸಿಗೆ ಜಗ್ಗುವುದಿಲ್ಲ, ಆದರೆ ಅದರದ್ದು ಒಂದೇ ಸಲದ ಬಾಳು. ಎರಡೂ ಬದಿಯ ಉಕ್ಕಿನ ಅಂಚು ಅದನ್ನು ಕಚ್ಚಿ ಕೂತ ಮೇಲೆ, ಬಿಚ್ಚಿದರೆ ಎಸೆಯುವುದೇ. ಮೇಲಾಗಿ ಲ್ಯಾಬಿನಲ್ಲಿ ಉಳಿದಿದ್ದದ್ದು ಒಂದೇ ಒಂದು. ಸೋಮವಾರ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಅವರೆದುರು ಚೇಂಬರ್ ನಡೆಯದಿದ್ದರೆ ನನ್ನ ಸೀಟೇ ಹೋದೀತೆಂಬ ಹೆದರಿಕೆಯಲ್ಲಿ ಒಂದು ವಾರ ಅನ್ನ ಸೇರಲಿಲ್ಲ. ಕೊನೆಗೆ ಹೆನ್ರಿಯಣ್ಣನನ್ನು ಕೇಳಿದೆ.

ಹೆನ್ರಿಯಣ್ಣ ನಮ್ಮ ಲ್ಯಾಬಿನ ಮೆಕ್ಯಾನಿಕ್. ಶಕ್ತಿನಗರದವರು, ಮನೆಮಾತು ಕೊಂಕಣಿ, ಗಲ್ಫಿನಲ್ಲಿ ಇಪ್ಪತ್ತು ವರ್ಷ ಪೈಪು ಜೋಡಿಸಿ ಬಂದವರು. ಬೋಲ್ಟು ಬಿಗಿಮಾಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇದಕ್ಕೆ ಕಾಲು ಸುತ್ತು, ಎದುರಿನದಕ್ಕೆ ಕಾಲು ಸುತ್ತು, ಎಲ್ಲ ಕೈಯ ಅಂದಾಜು. ಅವರು ಕೂರಿಸಿದ ಜೋಡಣೆ ಸೋರಿದ್ದನ್ನು ಯಾರೂ ಕಂಡಿರಲಿಲ್ಲ.

"ಎಂತ ಮಾರಾಯ್ತಿ, ಇದಕ್ಕೆ ಒಂದು ವಾರ ಬೇಕಾ?" ಎಂದು ನಕ್ಕರು. "ಮುನ್ನೂರು ಡಿಗ್ರಿ ಅಂದ್ರೆ ತಾಮ್ರವೇ. ರಬ್ಬರ್ ಕುಕ್ಕರಿಗೆ ಸಾಕು. ಮುಟ್ಟುವಾಗ ಗ್ಲೌಸ್ ಹಾಕು ಭಟ್ರ ಮಗಳೇ, ಅಷ್ಟೇ."

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ನಾನು ಗಾಬರಿಯಲ್ಲಿ ಬರಿಗೈಯಲ್ಲೇ ಬಳೆಯ ಪ್ಯಾಕೆಟ್ ಒಡೆದು ನೋಡಿದೆ, ಹಾಗೆಯೇ ಮೇಜಿನ ಮೇಲಿಟ್ಟೆ. ಕಡಲ ಬದಿಯ ನಮ್ಮೂರಿನ ಉಪ್ಪುಗಾಳಿ, ನನ್ನ ಬೆವರು. ಶುಕ್ರವಾರದ ಹೊತ್ತಿಗೆ ಬಳೆ ಮಂಕಾಗಿ ಬೆರಳಿನ ಗುರುತು ಎದ್ದು ಕಾಣುತ್ತಿತ್ತು. ಹೆನ್ರಿಯಣ್ಣನಿಗೆ ಹೇಳಿದ್ದರೆ ಒಂದು ಬಟ್ಟೆಯಲ್ಲಿ ಒರೆಸಿ ಮುಗಿಸುತ್ತಿದ್ದರು. ನಾಚಿಕೆಯಾಗಿ ನಾನು ಅದನ್ನು ಮನೆಗೆ ಕೊಂಡುಹೋದೆ.

ಆಗ ನಮ್ಮ ಮನೆ ಕದ್ರಿಯಲ್ಲಿ. ಅಪ್ಪ ಹತ್ತಿರದ ದೇವಸ್ಥಾನವೊಂದರ ಪೂಜೆಯವರು. ನಮ್ಮಲ್ಲಿ ಮಂಕಾದ ತಾಮ್ರ ಎಂದರೆ ದೇವರಿಗೆ ಮಾಡಿದ ಅವಮಾನ. ಓದಲು ಕಲಿಯುವ ಮೊದಲೇ ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ತಿಕ್ಕಲು ಕಲಿತವಳು ನಾನು. ಬಾವಿಕಟ್ಟೆಯಲ್ಲಿ ಕೂತು ಬಳೆಯನ್ನೂ ಹಾಗೆಯೇ ತಿಕ್ಕಿದೆ. ಫಳಫಳ ಹೊಳೆಯಿತು. ಇದು ಯಾವ ದೇವರದ್ದು ಎಂದು ಅಮ್ಮ ತುಳುವಿನಲ್ಲಿ ಕೇಳಿದರು. ವಿಜ್ಞಾನದ್ದು ಎಂದೆ. ಎಷ್ಟು ಜಂಬ ನೋಡಿ!

ಸೋಮವಾರ ಬಳೆಯನ್ನು ಕೂರಿಸಿದ್ದು ನಾನು, ಬಿಗಿಮಾಡಿದ್ದು ಹೆನ್ರಿಯಣ್ಣ. ಪಂಪು ಎಷ್ಟು ಓಡಿದರೂ ಮೀಟರು ಒಂದು ಹಂತಕ್ಕಿಂತ ಕೆಳಗೆ ಇಳಿಯಲಿಲ್ಲ. ಸೋರುವ ಜಾಗ ಹುಡುಕಲು ಹೆನ್ರಿಯಣ್ಣ ಜೋಡಣೆಯ ಮೇಲೆ ಸ್ಪಿರಿಟ್ ಹನಿಸಿ ನೋಡಿದರು, ಮೀಟರಿನ ಅಂಕಿಗಳು ಕುಣಿದವು. ಸೋರುತ್ತಿದ್ದದ್ದು ಅಲ್ಲಿಯೇ. ಪರೀಕ್ಷಕರೆದುರೇ ನಮ್ಮ ಪ್ರೊಫೆಸರು, "ಹೆನ್ರಿ, ನಿಮ್ಮ ಕೈಯಲ್ಲಿ ಮೊದಲಿನ ಹಿಡಿತ ಇಲ್ಲ" ಎಂದುಬಿಟ್ಟರು. ಹೆನ್ರಿಯಣ್ಣ ತಮ್ಮ ಕೈಯನ್ನು ತಿರುಗಿಸಿ ಒಮ್ಮೆ ನೋಡಿಕೊಂಡರು.

"ಇರಬಹುದು ಸರ್."

ಎಲ್ಲರೂ ಚಹಾಕ್ಕೆ ಹೋದ ಮೇಲೆ ಜೋಡಣೆ ಬಿಚ್ಚಿದವಳು ನಾನು. ಬಳೆಯನ್ನು ಬೆಳಕಿಗೆ ಹಿಡಿದರೆ ನಾರಿನ ಗೀರುಗಳು ಒಳಗಿನಿಂದ ಹೊರಕ್ಕೆ ಸಾಲಾಗಿ ಹೋಗಿದ್ದವು. ಹೊಳಪಿನ ಸಂಭ್ರಮದಲ್ಲಿ ನನಗವು ಕಂಡಿರಲಿಲ್ಲ. ಗಾಳಿಗೆ ನಾನೇ ದಾರಿ ಕೊರೆದು ಕೊಟ್ಟಿದ್ದೆ. ಬಳೆಯನ್ನು ಚೀಲಕ್ಕೆ ಹಾಕಿದೆ. ಯಾರು ಕೇಳಿದರೂ ಎಸೆದೆ ಎನ್ನುವುದೆಂದು ನಿಶ್ಚಯಿಸಿದೆ. ಯಾರೂ ಕೇಳಲಿಲ್ಲ. ತಪ್ಪು ಹೆನ್ರಿಯಣ್ಣನ ಕೈಯದೆಂದಾಗಿ ನನ್ನ ಸೀಟು ಉಳಿಯಿತು.

ತಿಂಗಳ ಮೇಲೆ ಹೊಸ ಬಳೆ ಬಂತು. ಹೆನ್ರಿಯಣ್ಣ ಸ್ಪ್ಯಾನರನ್ನು ನನ್ನ ಕೈಗಿತ್ತರು. "ನೀನೇ ಬಿಗಿ ಮಾಡು. ನಾನು ಬದಿಯಲ್ಲಿ ನಿಂತು ಹೇಳ್ತೇನೆ." ಜೋಡಣೆ ಸೋರಲಿಲ್ಲ. ಪ್ರೊಫೆಸರು ನನ್ನನ್ನು ಹೊಗಳಿದರು, ಹೆನ್ರಿಯಣ್ಣನೂ ಹೊಗಳಿದರು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ನನಗೆ ಡಿಗ್ರಿ ಬಂತು, ಅವರು ನಿವೃತ್ತರಾದರು. ನಾನು ಹೇಡಿ. ಇದಕ್ಕೆ ಬೇರೆ ಮೃದುವಾದ ಶಬ್ದ ಹುಡುಕಿ ಪ್ರಯೋಜನವಿಲ್ಲ.

ಕಳೆದ ವಾರ ಅಮ್ಮನನ್ನು ಅತ್ತಾವರದ ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿ ನರ್ಸ್ ಆಗಿರುವ ಹೆನ್ರಿಯಣ್ಣನ ಮಗಳು ಪ್ರೀಮಾ ಸಿಕ್ಕಿದಳು. ಪಪ್ಪ ಹೇಗಿದ್ದಾರೆ ಎಂದೆ.

"ಆರೋಗ್ಯ ಉಂಟು ಅಕ್ಕ. ಆದ್ರೆ ಮನೆಯ ನಳ್ಳಿ ಸೋರಿದ್ರೂ ಮುಟ್ಟುದಿಲ್ಲ. ಕೈ ಹೋಗಿದೆ ಹೇಳ್ತಾರೆ. ಡಾಕ್ಟ್ರಿಗೆ ಸಹ ತೋರಿಸಿ ಆಯ್ತು, ಕೈಗೆ ಎಂತ ಸಹ ಆಗ್ಲಿಲ್ಲ."

ಅವಳಿಂದ ನಂಬರು ಪಡೆದೆ. ಒಂದು ವಾರ ಅದು ಫೋನಿನಲ್ಲಿ ಸುಮ್ಮನೆ ಬಿದ್ದಿತ್ತು. ಇವತ್ತು ಅರ್ಧ ತಿಕ್ಕಿದ ತಂಬಿಗೆಯನ್ನು ಅಲ್ಲೇ ಬಿಟ್ಟು ಹುಳಿಗೈ ತೊಳೆದು ಕರೆ ಮಾಡಿದೆ. ಹೇಗಿದ್ದೀರಿ ಎಂದು ಕೂಡ ಕೇಳದೆ, ಬಾವಿಕಟ್ಟೆಯಿಂದ ಚೀಲದವರೆಗೆ ಎಲ್ಲವನ್ನೂ ಹೇಳಿ ಮುಗಿಸಿದೆ.

ಹೆನ್ರಿಯಣ್ಣ ಮೊದಲು ಕೇಳಿದ್ದು ಇಷ್ಟೇ:

"ಹುಣಸೆಹುಳಿಯಾ?"

"ಹೌದು. ತೆಂಗಿನ ನಾರು ಸಹ."

"ಹಾಗಾದ್ರೆ ನನ್ನ ಕೈ ಸರಿ ಇತ್ತು," ಎಂದರು. ನನಗೆ ಹೇಳಿದ್ದಲ್ಲ. ಆಮೇಲೆ ನನಗೇ ಹೇಳಿದರು: "ಅವತ್ತೇ ಹೇಳಬಹುದಿತ್ತಲ್ಲ, ಮಗಳೇ."

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಫೋನು ಇಡುವುದನ್ನು ಮರೆತು ಹೆಂಡತಿಯನ್ನು ಕೂಗಿ ಕೊಂಕಣಿಯಲ್ಲಿ ಏನೋ ಕೇಳಿದರು. ಸ್ಪ್ಯಾನರ್ ಎಂಬ ಒಂದು ಶಬ್ದ ಮಾತ್ರ ನನಗೆ ತಿಳಿಯಿತು. ಸ್ವಲ್ಪ ಹೊತ್ತಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಂದನ್ನು ನೆಲದ ಮೇಲೆ ಎಳೆಯುವ ಸದ್ದು ಕೇಳಿತು.