ಯುಜಿನ್ ಕತ್ತರಿಸಿದ ಅಂಚು

ದುಬೈಯ ನೈಫ್ ಬಡಾವಣೆಯ ಗಲ್ಲಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯೊಂದಿತ್ತು. ಅಲ್ಲಿ ಹತ್ತೊಂಬತ್ತು ವರ್ಷ ದುಡಿದ ಶಿರ್ವದ ಯುಜಿನ್‌ಗೆ ಇದ್ದದ್ದು ಒಂದೇ ಹೆಮ್ಮೆ: ಅವನ ಕೈ ದಾಟಿದ ಕಾಗದ ಮತ್ತೆ ಸುಕ್ಕಾಗುತ್ತಿರಲಿಲ್ಲ. ಅಂಚು ನೇರ ಕತ್ತರಿಸಿ, ಬಿಸಿ ಕೊಟ್ಟು ರಟ್ಟಿಗೆ ಅಂಟಿಸಿಬಿಡುತ್ತಿದ್ದ. ದೇರಾದ ಒಂದೇ ಕೋಣೆಯಲ್ಲಿ ನಾವಿಬ್ಬರೂ ಒಂಬತ್ತು ವರ್ಷ ಇದ್ದೆವು. ನನಗೆ ಟೈಫಾಯ್ಡ್ ಬಂದಾಗ, ಮೈಸೂರಿನ ನಾಲಿಗೆಗೆ ಕುಚ್ಚಲಕ್ಕಿ ಗಂಜಿ ಸೇರುವುದಿಲ್ಲವೆಂದು ರೇಗಿಸುತ್ತಲೇ ಕುಡಿಸಿದವನು ಅವನು.

೨೦೧೪ರಲ್ಲಿ ನಮ್ಮ ಆಫೀಸಿನ ಬೆಲ್ಜಿಯಂ ಮೇಡಂ ತಮ್ಮ ತಂದೆ ಬಿಟ್ಟುಹೋದ ಚಿತ್ರವೊಂದನ್ನು ನನಗೊಪ್ಪಿಸಿದರು. ಗಾಜು ಒಡೆದಿತ್ತು. ಗಾಜು ಮಾತ್ರ ಬದಲಿಸಬೇಕು, ಕಾಗದ ಮುಟ್ಟಬಾರದು ಎಂದು ಎರಡೆರಡು ಸಲ ಹೇಳಿದ್ದರು. ನಾನು ಮಹಾ ಬುದ್ಧಿವಂತ, ಯುಜಿನ್‌ಗೆ ಹೇಳಿದ್ದು ಇಷ್ಟೇ: "ಚೆನ್ನಾಗ್ ಮಾಡ್ಕೊಡಪ್ಪ, ನನ್ ಮರ್ಯಾದೆ ಪ್ರಶ್ನೆ."

ಇನ್ನೂರೈವತ್ತು ವರ್ಷದ ಹಿಂದೆ ಅವರ ನಾಡಿನ ಫ್ಲೆಮಿಶ್ ಚಿತ್ರಕಾರನೊಬ್ಬ ಕಂದು ಶಾಯಿಯಲ್ಲಿ ಬರೆದ ಗ್ರೀಕ್ ಪುರಾಣದ ಕಾಳಗವದು. ಮದುವೆಯೂಟಕ್ಕೆ ಬಂದ, ಸೊಂಟದಿಂದ ಕೆಳಗೆ ಕುದುರೆಯಾದ ನೆಂಟರು ಕುಡಿದು ಮದುಮಗಳನ್ನೇ ಹೊತ್ತೊಯ್ಯುತ್ತಿದ್ದಾರೆ. ಗಂಡಿನ ಕಡೆಯವರು ಹೂಜಿ, ಬೆಂಚು, ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದಾರೆ.

"ಎಂತ ಮದುವೆ ಮಾರಾಯ ಇದು, ಅಡಿಗೆಯವ ಬದುಕಿದ್ನಾ?" ಎಂದು ಯುಜಿನ್ ನಕ್ಕ.

ಮೂರು ದಿನ ಕೂತು ಮಾಡಿದ. ಚಿತ್ರ ತರಲು ಮೇಡಂ ಜೊತೆ ನಾನೂ ಅಂಗಡಿಗೆ ಹೋದೆ. ಒಂದು ಸುಕ್ಕೂ ಇಲ್ಲದ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ಕೆಳಗಿನ ಅಂಚಿನಲ್ಲಿ ಚಿತ್ರಕಾರನ ಕೈಬರಹವಿತ್ತಂತೆ, ಹಿಂಬದಿಯಲ್ಲಿ ಮಗಳಿಗೆಂದು ತಂದೆ ಬರೆದ ನಾಲ್ಕು ಸಾಲು. ಅಂಚು ಕಸಕ್ಕೆ ಹೋಗಿತ್ತು. ತಂದೆಯ ಸಾಲು ಅಂಟಿನೊಳಗೆ ಸೇರಿಹೋಗಿತ್ತು. ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತರು.

ಆಮೇಲೆ ನನ್ನತ್ತ ತಿರುಗಿದರು. "ನಾನು ಹೇಳಿದ್ದನ್ನು ಇವರಿಗೆ ತಿಳಿಸಿದ್ದಿರಾ? ಇವರು ನಿಮಗೆ ಪರಿಚಯವೇ?"

ನನ್ನ ವೀಸಾ ಅವರ ಕೈಯಲ್ಲಿತ್ತು. ಹೆದರಿದೆ.

"ಎಲ್ಲಾ ಹೇಳಿದ್ದೆ, ಮೇಡಂ. ನನಗೆ ಅಂಗಡಿ ಗೊತ್ತು ಅಷ್ಟೇ. ಇವನು ಯಾರೋ."

ಯುಜಿನ್ ನನ್ನ ಮುಖವನ್ನೊಮ್ಮೆ ನೋಡಿದ. "ಹೌದು ಮೇಡಂ," ಎಂದ, "ಈ ಸಾರ್ ಹೇಳಿದ್ರು. ನಂಗೇ ಮರೆತುಹೋಯ್ತು."

ಮಾಲೀಕ ಮೊಯ್ದಿನಬ್ಬ ಅವನ ಕೈಯಿಂದ ಚಿತ್ರ ತೆಗೆದುಕೊಂಡರು. "ಖಲಾಸ್, ಯುಜಿನ್. ನೀನಿನ್ನು ಊರಿಗೆ ಹೋಗು."

ಟಿಕೆಟ್ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ ಅದೇ ಕೋಣೆಯಲ್ಲಿ ಎದುರುಬದುರು ಮಲಗಿದೆವು. ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ಕೊನೆಯ ದಿನ ಅವನ ಪೆಟ್ಟಿಗೆಗೆ ನಾನು ಕೈಹಾಕಿದರೆ ಬೇಡವೆಂದು ತಾನೇ ಹೊತ್ತು ಕೆಳಗಿಳಿಸಿದ. ಕನ್ನಡ ಬಾರದ ಟ್ಯಾಕ್ಸಿಯವನನ್ನು ಬಿಟ್ಟರೆ ಬೀದಿಯಲ್ಲಿ ನಾವಿಬ್ಬರೇ ಇದ್ದೆವು, ಕೇಳಿಸಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಟ್ಯಾಕ್ಸಿಯ ಬಾಗಿಲು ಹಿಡಿದು, "ಬರ್ತೇನೆ ಸಾರ್" ಎಂದ.